ಎಂ.ಸಿ.ಎ.: ತಡವಾಗಿ ಬಂದವರಿಗೆ ತೆರೆದ ಬಾಗಿಲು

ಮೈಸೂರಿನ ದಕ್ಷಿಣಕ್ಕಿರುವ ವಿದ್ಯಾರಣ್ಯಪುರಂ ಪ್ರವಾಸಿಗರು ಹುಡುಕಿಕೊಂಡು ಬರುವ ಬಡಾವಣೆಯಲ್ಲ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಗಳನ್ನು ನೋಡಿ ಹಿಂದಿರುಗುವವರಿಗೆ ಅದರ ಹೆಸರೂ ತಿಳಿದಿರುವುದಿಲ್ಲ. ನಗರದ ಕೊಳಚೆ ನೀರು ಹೋಗಿ ಸೇರುವ ಸೂಯೇಜ್ ಫಾರಂ ಅಲ್ಲಿದೆ ಎಂಬುದಷ್ಟೇ ಪತ್ರಿಕೆ ಓದುವವರಿಗೆ ಗೊತ್ತು. ಆದರೆ ಈ ಬಡಾವಣೆಗೆ ಹೊಂದಿಕೊಂಡಂತೆ ಸಾಗುವ ಮಾನಂದವಾಡಿ ರಸ್ತೆಯಲ್ಲಿ ಎರಡು ಹಳೆಯ ಸಂಸ್ಥೆಗಳಿವೆ. ಒಂದು, ಸರಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ. ಇನ್ನೊಂದು, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, ಅಂದರೆ ಮೈಸೂರಿಗರ ಬಾಯಲ್ಲಿ ಎನ್.ಐ.ಇ. ಒಂದರಲ್ಲಿ ಸೀರೆ ನೇಯಲಾಗುತ್ತದೆ. ಮತ್ತೊಂದರಲ್ಲಿ ಇತರ ವಿಷಯಗಳ ಜೊತೆ ಎಂ.ಸಿ.ಎ., ಅಂದರೆ ಕಂಪ್ಯೂಟರ್ ಅನ್ವಯದ ಸ್ನಾತಕೋತ್ತರ ಪದವಿಯನ್ನೂ ಕಲಿಸಲಾಗುತ್ತದೆ.

ಮೇಲ್ನೋಟಕ್ಕೆ ಇವೆರಡಕ್ಕೂ ಏನೂ ಸಂಬಂಧ ಕಾಣದು. ಇತಿಹಾಸ ಬಲ್ಲವರಿಗೆ ಮಾತ್ರ ಮಗ್ಗ ಮತ್ತು ಕಂಪ್ಯೂಟರ್ ಹತ್ತಿರದ ನೆಂಟರು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬ ನೇಕಾರ, ರಂಧ್ರಗಳಿರುವ ರಟ್ಟಿನ ಹಾಳೆಗಳ ಸರಪಳಿಯನ್ನು ಮಗ್ಗಕ್ಕೆ ಅಳವಡಿಸಿದ. ರಂಧ್ರವಿದ್ದಲ್ಲಿ ದಾರ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಹಾಳೆಗಳನ್ನು ಬದಲಾಯಿಸಿದರೆ ಸಾಕು, ಅದೇ ಮಗ್ಗ ಬೇರೆ ಹೂವು ನೇಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೆ ಇದೇ ಉಪಾಯವನ್ನು ಎರವಲು ಪಡೆದ. 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕವನ್ನು ಹೊಲೆರಿತ್ ಎಂಬಾತ ರಂಧ್ರದ ಕಾರ್ಡುಗಳಿಂದಲೇ ಮಾಡಿ ಮುಗಿಸಿದ. ಮುಂದೆ ಐ.ಬಿ.ಎಂ. ಕಂಪೆನಿಯ ಕಂಪ್ಯೂಟರ್‌ಗಳಿಗೆ ನಮ್ಮ ದೇಶದ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಪ್ರೋಗ್ರಾಂ ಬರೆದು ಕೊಟ್ಟದ್ದೂ ಅಂತಹ ಕಾರ್ಡುಗಳ ಮೇಲೆಯೇ.

ಮೈಸೂರಿನ ರೇಷ್ಮೆಗೂ ದೀರ್ಘ ಪಯಣದ ಕಥೆಯಿದೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಈ ನೆಲದಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ನೇಯ್ಗೆ ಕಾರ್ಖಾನೆ ಆರಂಭಿಸಿದರು. ಹುಳು ಬಂಗಾಳದ್ದು, ಯಂತ್ರ ಯೂರೋಪಿನದು, ದುಡಿಮೆ ಮೈಸೂರಿನದು. ವಿದ್ಯೆಯ ಕಥೆಯೂ ಹೀಗೆಯೇ. ಅದು ಯಾವ ಒಂದು ಜನಾಂಗದ ಸೊತ್ತೂ ಅಲ್ಲ, ಊರಿಂದೂರಿಗೆ ಅಲೆಯುತ್ತಲೇ ಬೆಳೆಯುತ್ತದೆ. ಆದರೆ ವಿದ್ಯೆ ಅಲೆಯುತ್ತ ನಮ್ಮೂರಿಗೆ ಬಂದರೂ ಅದನ್ನು ಕಲಿಸುವ ಕೋಣೆಗೆ ಬಾಗಿಲಿರುತ್ತದೆ. ಆ ಬಾಗಿಲು ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಹಣಕ್ಕೆ ತೆರೆಯಬೇಕೆಂದು ಮನುಷ್ಯರೇ ತೀರ್ಮಾನಿಸುತ್ತಾರೆ. ಕಂಪ್ಯೂಟರ್ ವಿದ್ಯೆಯ ಉನ್ನತ ಪದವಿಗೆ ನಮ್ಮ ನಾಡಿನಲ್ಲಿ ಅಂತಹ ಬಾಗಿಲು ಹೇಗೆ ತೆರೆಯಿತು, ಯಾರು ಒಳಗೆ ಬಂದರು, ಈಗ ಅದರ ಸ್ಥಿತಿಯೇನು ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಬಗ್ದಾದಿನಿಂದ ಬಂದ ಪದ

ಎಂ.ಸಿ.ಎ.ಗೆ ಸೇರಿದ ವಿದ್ಯಾರ್ಥಿ ಮೊದಲ ವಾರದಲ್ಲೇ ಕೇಳುವ ಪದ ‘ಅಲ್ಗಾರಿದಮ್’. ಒಂದು ಸಮಸ್ಯೆಯನ್ನು ಬಿಡಿಸಲು ಹಂತಹಂತವಾಗಿ ಅನುಸರಿಸಬೇಕಾದ ಕ್ರಮ ಎಂದು ಅದರ ಅರ್ಥ. ಈ ಪದ ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿದ್ದು. 9ನೇ ಶತಮಾನದಲ್ಲಿ, ಖಲೀಫಾ ಮಾಮೂನ್‌ನ ಆಳ್ವಿಕೆಯಲ್ಲಿ, ಬಗ್ದಾದಿನ ಬೈತುಲ್ ಹಿಕ್ಮಾ ಎಂಬ ವಿದ್ಯಾಕೇಂದ್ರದಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಎಂಬ ವಿದ್ವಾಂಸನ ಹೆಸರು ಲ್ಯಾಟಿನ್ ಭಾಷೆಯಲ್ಲಿ ‘ಅಲ್ಗೊರಿತ್ಮಿ’ಯಾಯಿತು. ಆತನ ಗ್ರಂಥದ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಎಂಬ ಪದ ಬೀಜಗಣಿತಕ್ಕೆ ಆಲ್ಜಿಬ್ರಾ ಎಂಬ ಹೆಸರನ್ನು ಕೊಟ್ಟಿತು.

ಇದರಲ್ಲಿ ಭಾರತದ ಪಾಲೂ ದೊಡ್ಡದು. ಸೊನ್ನೆಯೂ ಸೇರಿದಂತೆ ಹತ್ತು ಅಂಕಿಗಳಿಂದ ಎಂತಹ ಸಂಖ್ಯೆಯನ್ನಾದರೂ ಬರೆಯುವ ಭಾರತೀಯ ಪದ್ಧತಿಯನ್ನು ಅಲ್ ಖ್ವಾರಿಝ್ಮಿ ಅರಬಿಯಲ್ಲಿ ವಿವರಿಸಿದ. ಆ ಕೃತಿ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡು ಯೂರೋಪಿನ ಲೆಕ್ಕದ ರೀತಿಯನ್ನೇ ಬದಲಿಸಿತು. ಭಾರತದಿಂದ ಬಗ್ದಾದಿಗೆ, ಬಗ್ದಾದಿನಿಂದ ಯೂರೋಪಿಗೆ, ಅಲ್ಲಿಂದ ಅಮೆರಿಕಕ್ಕೆ, ಕೊನೆಗೆ ಇಂಗ್ಲಿಷ್ ಪಠ್ಯಪುಸ್ತಕದ ರೂಪದಲ್ಲಿ ಮೈಸೂರಿಗೆ. ಇದು ಆ ವಿದ್ಯೆ ಬಂದ ದಾರಿ.

ಮುಸ್ಲಿಮರು ಇಂತಹ ಹೆಸರುಗಳನ್ನು ನೆನೆದು ಹೆಮ್ಮೆ ಪಡುವುದು ಸಹಜ. ಆದರೆ ಬರೀ ಹೆಮ್ಮೆಯಿಂದ ಪರೀಕ್ಷೆ ಪಾಸಾಗುವುದಿಲ್ಲ. ಬೈತುಲ್ ಹಿಕ್ಮಾದಲ್ಲಿ ಕ್ರೈಸ್ತ ಅನುವಾದಕರೂ ಇದ್ದರು, ಗ್ರೀಕ್ ಮತ್ತು ಭಾರತೀಯ ಗ್ರಂಥಗಳಿಗೂ ಗೌರವವಿತ್ತು. ಬಲ್ಲವರಿಗೆಲ್ಲ ಬಾಗಿಲು ತೆರೆದಿತ್ತು ಎಂಬುದೇ ಆ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ.

ಬೆರಳೆಣಿಕೆಯವರ ಕಾಲ

ಹಳೆಯ ಮೈಸೂರು ಸಂಸ್ಥಾನ ವಿದ್ಯೆಗೆ ಹಣ ಹೂಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ ಮೊದಲ ಎಂಜಿನಿಯರಿಂಗ್ ಕಾಲೇಜು ಬಂತು. ಮುಂದೆ 1946ರಲ್ಲಿ, ಸ್ವಾತಂತ್ರ್ಯ ಇನ್ನೇನು ಬರಲಿದೆ ಎನ್ನುವಾಗ, ಎರಡು ಖಾಸಗಿ ಪ್ರಯತ್ನಗಳು ನಡೆದವು. ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಕಾಲೇಜು ಕಟ್ಟಿದರು, ಮೈಸೂರಿನಲ್ಲಿ ಎನ್.ಐ.ಇ. ಹುಟ್ಟಿತು. 1963ರಲ್ಲಿ ಮೈಸೂರಿಗೆ ಎರಡನೆಯ ಎಂಜಿನಿಯರಿಂಗ್ ಕಾಲೇಜಾಗಿ ಶ್ರೀ ಜಯಚಾಮರಾಜೇಂದ್ರ ಕಾಲೇಜು ಸೇರಿಕೊಂಡಿತು.

ಆ ಕಾಲದಲ್ಲಿ ಎನ್.ಐ.ಇ.ಯಲ್ಲಿ ಕಂಪ್ಯೂಟರ್ ಎಂಬ ವಿಷಯವೇ ಇರಲಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿದ, ಶಾಲಾ ಅಧ್ಯಾಪಕರೊಬ್ಬರ ಮಗ ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1967ರಲ್ಲಿ ಪದವಿ ಪಡೆದರು. ಅವರು ಎನ್.ಆರ್. ನಾರಾಯಣಮೂರ್ತಿ. ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ದೊಡ್ಡ ಸಂಸಾರದ ತಂದೆಗೆ ಆ ಖರ್ಚು ಭರಿಸಲಾಗಲಿಲ್ಲ, ಹಾಗಾಗಿ ಮೈಸೂರಿನಲ್ಲೇ ಓದಬೇಕಾಯಿತು ಎಂಬುದನ್ನು ಅವರೇ ಹಲವು ಬಾರಿ ಹೇಳಿದ್ದಾರೆ. ಮೊದಲ ಬಾಗಿಲು ಹಣದ ಕಾರಣಕ್ಕೆ ಮುಚ್ಚಿತ್ತು. ಸ್ನಾತಕೋತ್ತರ ಪದವಿಯ ಬಾಗಿಲು ಮಾತ್ರ ಅವರಿಗಾಗಿ ತೆರೆಯಿತು. ಅವರು ಕಾನ್ಪುರದ ಐ.ಐ.ಟಿ.ಗೆ ಹೋಗಿ 1969ರಲ್ಲಿ ಎಂ.ಟೆಕ್. ಮುಗಿಸಿದರು.

ಕಾನ್ಪುರವೇ ಏಕೆ? ದೇಶದ ಕಂಪ್ಯೂಟರ್ ಶಿಕ್ಷಣ ಕಣ್ಣುಬಿಟ್ಟದ್ದೇ ಅಲ್ಲಿ. ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ನೆರವಿನಿಂದ ಬೆಳೆದ ಆ ಸಂಸ್ಥೆಗೆ 1963ರಲ್ಲಿ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಬಂತು. 1966ರಲ್ಲಿ ಅದಕ್ಕಿಂತ ದೊಡ್ಡದಾದ 7044 ಬಂತು. ಬೇರೆಡೆ ಇಂತಹ ಯಂತ್ರ ಕೆಲವೇ ಪರಿಣತರ ಕೈಯಲ್ಲಿದ್ದರೆ, ಕಾನ್ಪುರದಲ್ಲಿ ವಿದ್ಯಾರ್ಥಿಗಳೇ ಕಾರ್ಡುಗಳ ಕಟ್ಟು ಹಿಡಿದು ಹೋಗಿ ತಮ್ಮ ಪ್ರೋಗ್ರಾಂ ಓಡಿಸಬಹುದಿತ್ತು. 1968ರಲ್ಲಿ ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಬೆಳಗಿನ ಉಪಾಹಾರದ ಹೊತ್ತು ಆಡಿದ ಮಾತುಗಳೇ ತನ್ನನ್ನು ಈ ವಿದ್ಯೆಯ ಕಡೆಗೆ ತಿರುಗಿಸಿದವು ಎಂದು ನಾರಾಯಣಮೂರ್ತಿ ಸ್ಮರಿಸಿದ್ದಾರೆ. ಅವರು ಆರು ಮಂದಿ ಸಂಗಡಿಗರೊಂದಿಗೆ 1981ರಲ್ಲಿ ಇನ್ಫೋಸಿಸ್ ಸ್ಥಾಪಿಸಿದ್ದು ಎಲ್ಲರಿಗೂ ತಿಳಿದ ವಿಷಯ.

ಇದೇ ಕಾಲದ ಇನ್ನೊಂದು ಹೆಸರು ಸುಧಾ ಮೂರ್ತಿಯವರದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಸ್ನಾತಕೋತ್ತರ ಪದವಿಗೆ ಓದಿದರು. ಆ ವಿಭಾಗದಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ. 1974ರಲ್ಲಿ ಓದು ಮುಗಿಯುವ ಹೊತ್ತಿಗೆ ಟೆಲ್ಕೋ ಕಂಪೆನಿಯ ಜಾಹೀರಾತೊಂದು ಕಣ್ಣಿಗೆ ಬಿತ್ತು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಅಂಚೆ ಕಾರ್ಡ್ ಬರೆದು ಪ್ರತಿಭಟಿಸಿದರು, ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು.

ಈ ಎರಡು ಉದಾಹರಣೆಗಳನ್ನು ಸಾಧಕರ ಕಥೆಗಳಾಗಿ ನಾವು ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಇನ್ನೊಂದು ಬದಿಯಿಂದಲೂ ನೋಡಬೇಕು. ಅಂದು ಕಂಪ್ಯೂಟರ್ ಕಲಿಯಬೇಕಾದರೆ ಮೊದಲು ಎಂಜಿನಿಯರ್ ಆಗಿರಬೇಕಿತ್ತು, ಆಮೇಲೆ ದೇಶದ ನಾಲ್ಕೈದು ಸಂಸ್ಥೆಗಳಲ್ಲೊಂದರಲ್ಲಿ ಸೀಟು ಗಿಟ್ಟಿಸಬೇಕಿತ್ತು. ಹಳ್ಳಿಯ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಹುಡುಗನಿಗೂ, ಬಿ.ಕಾಂ. ಓದಿದ ಹುಡುಗಿಗೂ ಆ ಲೋಕದಲ್ಲಿ ಜಾಗವೇ ಇರಲಿಲ್ಲ. ಅಸಾಮಾನ್ಯರು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಸಾಮಾನ್ಯರಿಗೆ ದಾರಿ ಮಾಡಿಕೊಡಬೇಕಾಗುತ್ತದೆ.

ಬಾಗಿಲು ತೆರೆದ ಬಗೆ

ಆ ದಾರಿಯನ್ನು ಮಾಡಿಕೊಟ್ಟವರಲ್ಲಿ ಮೊದಲು ಹೇಳಬೇಕಾದ ಹೆಸರು ಪ್ರೊ. ವಿ. ರಾಜಾರಾಮನ್. ತಮಿಳುನಾಡಿನ ಈರೋಡಿನಲ್ಲಿ ಹುಟ್ಟಿದ ಇವರು 1960ರ ದಶಕದಲ್ಲಿ ಕಾನ್ಪುರದಲ್ಲಿ ಕಂಪ್ಯೂಟರ್ ವಿಜ್ಞಾನದ ಬೋಧನೆಗೆ ನಾಂದಿ ಹಾಡಿದವರು. 1982ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ಅಮೆರಿಕದ ಪುಸ್ತಕಗಳು ನಮ್ಮ ವಿದ್ಯಾರ್ಥಿಗಳ ಕೈಗೆ ಎಟುಕುವ ಬೆಲೆಯಲ್ಲಿ ಇಲ್ಲದಿದ್ದಾಗ ಅವರು ತಾವೇ ಪಠ್ಯಪುಸ್ತಕಗಳನ್ನು ಬರೆದರು, ಅವುಗಳ ಬೆಲೆ ಕಡಿಮೆಯಿರಬೇಕೆಂದು ಪ್ರಕಾಶಕರಲ್ಲಿ ಪಟ್ಟುಹಿಡಿದರು. ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ನಮ್ಮ ದೇಶದ ಒಂದಿಡೀ ತಲೆಮಾರು ಕಲಿತದ್ದು ಅವರ ಪುಸ್ತಕದಿಂದ. ಅಗ್ಗದ ಒಂದು ಪುಸ್ತಕ ಎಷ್ಟು ಬಾಗಿಲುಗಳನ್ನು ತೆರೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1970ರ ದಶಕದ ಕೊನೆಯಲ್ಲಿ ಪರಿಸ್ಥಿತಿ ಬದಲಾಗತೊಡಗಿತ್ತು. ವಿದೇಶಿ ಕಂಪೆನಿಗಳು ತಮ್ಮ ಪಾಲು ಬಂಡವಾಳವನ್ನು ತಗ್ಗಿಸಬೇಕೆಂಬ ಕಾನೂನಿಗೆ ಒಪ್ಪದ ಐ.ಬಿ.ಎಂ. 1978ರಲ್ಲಿ ಭಾರತದಿಂದ ಹೊರನಡೆಯಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆ ಸರಕಾರಿ ಸಂಸ್ಥೆ ಸಿ.ಎಂ.ಸಿ.ಯ ಪಾಲಿಗೆ ಬಂತು. ರೈಲ್ವೆ, ಬ್ಯಾಂಕು, ವಿಮೆ, ಸರಕಾರಿ ಇಲಾಖೆಗಳು ಒಂದೊಂದಾಗಿ ಕಂಪ್ಯೂಟರಿನತ್ತ ವಾಲತೊಡಗಿದವು. ಇಷ್ಟಕ್ಕೆಲ್ಲ ಜನ ಎಲ್ಲಿ? ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಬೆರಳೆಣಿಕೆಯ ಪದವೀಧರರು ಸಾಲುವಂತಿರಲಿಲ್ಲ.

ಆಗ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಆಯೋಗ ಈ ಕ್ಷೇತ್ರಕ್ಕೆ ಬೇಕಾದ ಜನರನ್ನು ತಯಾರು ಮಾಡುವ ಬಗ್ಗೆ ಸಲಹೆ ನೀಡಲು ರಾಜಾರಾಮನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಆ ಸಮಿತಿಯ ಚಿಂತನೆಯಿಂದ ರೂಪುಗೊಂಡದ್ದೇ ‘ಮಾಸ್ಟರ್ ಆಫ್ ಕಂಪ್ಯೂಟರ್ ಅಪ್ಲಿಕೇಶನ್ಸ್’ ಎಂಬ ಹೊಸ ಪದವಿ. ದೆಹಲಿ ವಿಶ್ವವಿದ್ಯಾನಿಲಯ 1982ರಲ್ಲಿ ಇದನ್ನು ಆರಂಭಿಸಿತು. ಆ ದಶಕದಲ್ಲಿ ಒಂದರ ಹಿಂದೊಂದು ವಿಶ್ವವಿದ್ಯಾನಿಲಯಗಳು ಅದೇ ದಾರಿ ಹಿಡಿದವು.

ಈ ಪದವಿಯ ರಚನೆಯಲ್ಲೇ ಅದರ ಉದ್ದೇಶ ಅಡಗಿತ್ತು. ಎಂಜಿನಿಯರಿಂಗ್ ಓದಿರಲೇಬೇಕೆಂಬ ನಿಯಮವಿರಲಿಲ್ಲ. ಗಣಿತದ ಹಿನ್ನೆಲೆಯಿರುವ ಪದವೀಧರರು ಬಿ.ಎಸ್ಸಿ.ಯಿಂದಲೂ ಬರಬಹುದಿತ್ತು, ಬಿ.ಕಾಂ.ನಿಂದಲೂ ಬರಬಹುದಿತ್ತು. ಅವಧಿ ಮೂರು ವರ್ಷ, ಆರು ಸೆಮಿಸ್ಟರ್. ಕಂಪ್ಯೂಟರನ್ನೇ ಮುಟ್ಟದವರಿಗೆ ಮೊದಲ ವರ್ಷ ಬುನಾದಿ ಹಾಕುವ ಕಾಲ. ಪ್ರೋಗ್ರಾಮಿಂಗ್ ಜೊತೆಗೆ ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ಆಡಳಿತ ನಿರ್ವಹಣೆಯ ಪಾಠಗಳೂ ಇದ್ದವು. ಬ್ಯಾಂಕಿನ ವ್ಯವಹಾರ ತಿಳಿಯದವನು ಬ್ಯಾಂಕಿಗೆ ಪ್ರೋಗ್ರಾಂ ಬರೆಯಲಾರ ಎಂಬ ವಿವೇಕ ಇದರ ಹಿಂದಿತ್ತು. ಕೊನೆಯ ಸೆಮಿಸ್ಟರ್ ಪೂರ್ತಿ ಯಾವುದಾದರೂ ಸಂಸ್ಥೆಯಲ್ಲಿ ನಿಜವಾದ ಕೆಲಸ ಮಾಡಿ ವರದಿ ಒಪ್ಪಿಸಬೇಕಿತ್ತು. ಹದಿನೆಂಟರ ವಯಸ್ಸಿನಲ್ಲಿ ಎಂಜಿನಿಯರಿಂಗ್ ಸೀಟು ತಪ್ಪಿದವರಿಗೆ ಇಪ್ಪತ್ತೊಂದರಲ್ಲಿ ಇನ್ನೊಂದು ಅವಕಾಶ. ಇದು ಯಾರೋ ಕೊಟ್ಟ ದಾನವಾಗಿರಲಿಲ್ಲ. ದೇಶಕ್ಕೆ ಜನ ಬೇಕಿತ್ತು, ಜನರಿಗೆ ದಾರಿ ಬೇಕಿತ್ತು, ಎರಡೂ ಕೂಡಿ ಬಂದವು.

ಮೈಸೂರಿಗೆ ಬಂದಾಗ

1984ರಲ್ಲಿ ರಾಜೀವ್ ಗಾಂಧಿ ಸರಕಾರ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿ ಆಮದಿನ ನಿರ್ಬಂಧ ಸಡಿಲಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1991ರ ಆರ್ಥಿಕ ಬದಲಾವಣೆಗಳ ಬಳಿಕ ಸಾಫ್ಟ್‌ವೇರ್ ರಫ್ತು ಬೆಳೆಯತೊಡಗಿತು. ಇಸವಿಯನ್ನು ಎರಡೇ ಅಂಕಿಗಳಲ್ಲಿ ದಾಖಲಿಸುತ್ತಿದ್ದ ಹಳೆಯ ಕಂಪ್ಯೂಟರ್‌ಗಳು 2000ನೇ ಇಸವಿ ಬಂದೊಡನೆ ತಪ್ಪು ಲೆಕ್ಕ ಹಾಕಬಹುದೆಂಬ ಭಯದಿಂದ ಅಮೆರಿಕದ ಕಂಪೆನಿಗಳು 1990ರ ದಶಕದ ಕೊನೆಯಲ್ಲಿ ಭಾರತದ ಪ್ರೋಗ್ರಾಮರ್‌ಗಳನ್ನು ಹುಡುಕಿಕೊಂಡು ಬಂದವು. ಎಂ.ಸಿ.ಎ. ಪದವಿಗೆ ಆ ದಿನಗಳಲ್ಲಿ ಬಂದ ಬೇಡಿಕೆ ಎಲ್ಲರಿಗೂ ನೆನಪಿರಬಹುದು. ಪೇಟೆಯ ಮಹಡಿಗಳ ಮೇಲೆಲ್ಲ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳು ತೂಗಾಡುತ್ತಿದ್ದ ಕಾಲವದು.

ಅರಮನೆಗಳ ಊರಾದ ಮೈಸೂರು ಈ ಬದಲಾವಣೆಗೆ ಹೊಸಬನಾಗಿರಲಿಲ್ಲ. ವಿಶ್ವವಿದ್ಯಾನಿಲಯವಿತ್ತು, ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿದ್ದವು, ಬೆಂಗಳೂರಿಗಿಂತ ಅಗ್ಗವಾದ ಬಾಡಿಗೆ ಕೋಣೆಗಳಿದ್ದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಎನ್.ಐ.ಇ.ಯಂತಹ ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಎಂ.ಸಿ.ಎ. ಪ್ರವೇಶಕ್ಕೆ ರಾಜ್ಯ ಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯತೊಡಗಿತು. ಸರಕಾರಿ ಕೋಟಾದ ಸೀಟು ಸಿಕ್ಕವರಿಗೆ ಶುಲ್ಕದ ಭಾರ ಕಡಿಮೆ, ಆಡಳಿತ ಮಂಡಳಿಯ ಸೀಟಿಗೆ ಜಾಸ್ತಿ. ಬಾಗಿಲು ತೆರೆದಿದ್ದರೂ ಹೊಸ್ತಿಲಿನ ಎತ್ತರ ಎಲ್ಲರಿಗೂ ಒಂದೇ ಆಗಿರಲಿಲ್ಲ.

ವಿದ್ಯಾರಣ್ಯಪುರಂನಂತಹ ಬಡಾವಣೆಗಳ ಮಹತ್ವ ಇಲ್ಲಿ ಕಾಣುತ್ತದೆ. ಮಾನಂದವಾಡಿ ರಸ್ತೆ ಎಚ್.ಡಿ. ಕೋಟೆಯ ಕಡೆಗೆ, ಅಲ್ಲಿಂದ ಕೇರಳದ ವಯನಾಡಿಗೆ ಹೋಗುತ್ತದೆ. ನಂಜನಗೂಡು, ಚಾಮರಾಜನಗರದ ರೈಲೂ ನಗರದ ಈ ದಿಕ್ಕಿನಿಂದಲೇ ಬರುತ್ತದೆ. ಊರಿನಿಂದ ದಿನವೂ ಓಡಾಡಿ ಓದುವವರು, ನಾಲ್ಕೈದು ಮಂದಿ ಸೇರಿ ಒಂದು ಕೋಣೆ ಹಿಡಿದು ಸರದಿಯಲ್ಲಿ ಅಡುಗೆ ಮಾಡಿಕೊಂಡು ಓದುವವರು, ಅವರಿಗೆ ಊಟ ಹಾಕುವ ಸಣ್ಣ ಮೆಸ್‌ಗಳು, ಜೆರಾಕ್ಸ್ ಅಂಗಡಿಗಳು, ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಸೈಬರ್ ಕೆಫೆಗಳು. ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇರುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಕಾಗದದ ಮೇಲೆ ಪ್ರೋಗ್ರಾಂ ಬರೆದು, ಬೆರಳು ಮಡಚಿ ಲೆಕ್ಕ ಹಾಕಿ, ಪ್ರಯೋಗಾಲಯದಲ್ಲಿ ತಮ್ಮ ಸರದಿ ಬಂದಾಗ ಓಡಿಸಿ ನೋಡುವುದೇ ಹೆಚ್ಚಿನವರ ಅಭ್ಯಾಸ. ಕಾನ್ಪುರದಲ್ಲಿ ಕಾರ್ಡುಗಳ ಕಟ್ಟು ಹಿಡಿದು ನಿಂತವರಿಗೂ ಇವರಿಗೂ ದೊಡ್ಡ ಅಂತರವೇನಿರಲಿಲ್ಲ.

ಇಂಗ್ಲಿಷ್ ಇನ್ನೊಂದು ತೊಡಕು. ಕನ್ನಡ ಮಾಧ್ಯಮದಲ್ಲೋ ಉರ್ದು ಮಾಧ್ಯಮದಲ್ಲೋ ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಗಣಿತ ಕಷ್ಟವಾಗದಿದ್ದರೂ ಪುಸ್ತಕದ ಭಾಷೆ ಕಷ್ಟವಾಗುತ್ತದೆ. ಮೂರು ವರ್ಷದ ಕೋರ್ಸು ಅಂಥವರಿಗೆ ಉಸಿರಾಡಲು ಒಂದಿಷ್ಟು ಬಿಡುವು ಕೊಟ್ಟಿತ್ತು. ಮೊದಲ ಸೆಮಿಸ್ಟರಿನಲ್ಲಿ ಮುಗ್ಗರಿಸಿದವರು ಮೂರನೆಯದರ ಹೊತ್ತಿಗೆ ನೆಟ್ಟಗೆ ನಿಲ್ಲುತ್ತಿದ್ದರು.

ಎಲ್ಲವೂ ಸುಸೂತ್ರವಾಗಿತ್ತೆಂದು ನಾವು ಹೇಳುವುದಿಲ್ಲ. 2001ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪೆನಿಗಳು ಕುಸಿದಾಗಲೂ, 2008ರ ಜಾಗತಿಕ ಹಿಂಜರಿತದಲ್ಲೂ ಮೊದಲು ನಿಂತದ್ದು ಹೊಸಬರ ನೇಮಕಾತಿ. ಸಾಲ ಮಾಡಿ ಓದಿದವರು ಕೆಲಸಕ್ಕಾಗಿ ತಿಂಗಳುಗಟ್ಟಲೆ ಅಲೆದರು. ಮೈಸೂರಿನ ಇನ್ನೊಂದು ತುದಿಯಲ್ಲಿ, ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಇನ್ಫೋಸಿಸ್ ಕಟ್ಟಿದ ಬೃಹತ್ ತರಬೇತಿ ಕೇಂದ್ರದ ಎರಡನೇ ಹಂತ 2009ರಲ್ಲಿ ಉದ್ಘಾಟನೆಯಾಯಿತು. ದೇಶದ ಎಲ್ಲೆಡೆಯಿಂದ ಹೊಸಬರು ಅಲ್ಲಿಗೆ ತರಬೇತಿಗೆ ಬಂದರು. ತಮ್ಮೂರಿನಲ್ಲೇ ಇರುವ ಆ ಗೇಟನ್ನು ದಾಟುವುದು ಸ್ಥಳೀಯ ಹುಡುಗರಿಗೆ ಮಾತ್ರ ಸುಲಭವಾಗಿರಲಿಲ್ಲ. ಪದವಿ ಕೈಗೆ ಬಂದ ಕೂಡಲೇ ಕೆಲಸ ಕೈಗೆ ಬರುವುದಿಲ್ಲ ಎಂಬುದನ್ನು ಈ ಇತಿಹಾಸವೂ ಹೇಳುತ್ತದೆ.

ಐವತ್ತರಲ್ಲಿ ಒಬ್ಬರು

ಈ ಬಾಗಿಲಿನಿಂದ ಮುಸ್ಲಿಮರು ಎಷ್ಟು ಮಂದಿ ಒಳಗೆ ಬಂದರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುಂದೆ ಹೋಗುವಂತಿಲ್ಲ. 2005ರಲ್ಲಿ ಕೇಂದ್ರ ಸರಕಾರ ನೇಮಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿತು. 20 ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವೀಧರರು ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ ಎಂದು ಅದು ಕಂಡುಕೊಂಡಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಯ 50 ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ ಮುಸ್ಲಿಮರು. ಅಂದರೆ ಮೆಟ್ಟಿಲು ಏರಿದಂತೆಲ್ಲ ಸಂಖ್ಯೆ ಅರ್ಧಕ್ಕಿಳಿಯುತ್ತದೆ.

ಈ ಅಂಕಿಗಳಿಗೆ ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳಲಾಗದು. ಬಡತನವಿದೆ. ಹದಿನಾರಕ್ಕೇ ಗ್ಯಾರೇಜಿಗೋ ಅಂಗಡಿಗೋ ಸೇರುವ ಹುಡುಗರಿದ್ದಾರೆ. ದೂರದ ಕಾಲೇಜಿಗೆ ಮಗಳನ್ನು ಕಳುಹಿಸಲು ಹಿಂಜರಿಯುವ ತಂದೆ ತಾಯಿಯರಿದ್ದಾರೆ. ಬಾಡಿಗೆಗೆ ಕೋಣೆ ಕೇಳಿದಾಗ ಹೆಸರು ಕೇಳಿ ಬಾಗಿಲು ಮುಚ್ಚುವ ಮನೆ ಮಾಲಕರೂ ಇದ್ದಾರೆ. ಪ್ರತಿಯೊಂದೂ ಸತ್ಯ, ಯಾವುದೊಂದೂ ಪೂರ್ಣ ಸತ್ಯವಲ್ಲ.

ಇಂತಹ ಹಿನ್ನೆಲೆಯವರಿಗೆ ಎಂ.ಸಿ.ಎ. ಒಗ್ಗಿದ್ದೇಕೆ ಎಂಬುದು ಗಮನಾರ್ಹ. ಹದಿನೆಂಟರ ವಯಸ್ಸಿನಲ್ಲಿ ಎಂಜಿನಿಯರಿಂಗ್ ಸೀಟಿಗೆ ಬೇಕಾದ ಕೋಚಿಂಗ್, ಹಣ, ಮಾಹಿತಿ ಮನೆಯಲ್ಲಿ ಇರುವುದಿಲ್ಲ. ಆದರೆ ಮನೆಗೆ ಹತ್ತಿರದ ಡಿಗ್ರಿ ಕಾಲೇಜಿಗೆ ಸೇರಿಸಲು ಅಷ್ಟೊಂದು ಅಡ್ಡಿಯಿಲ್ಲ. ಮೂರು ವರ್ಷ ಕಳೆಯುವಾಗ ಹುಡುಗಿ ಪದವೀಧರೆಯಾಗಿರುತ್ತಾಳೆ, ಅವಳ ಮೇಲೆ ಮನೆಯವರಿಗೆ ಭರವಸೆ ಮೂಡಿರುತ್ತದೆ, ಮುಂದೆ ಓದಬೇಕೆಂದು ಅವಳೇ ಹೇಳುವಷ್ಟು ಧೈರ್ಯ ಬಂದಿರುತ್ತದೆ. ಉದಯಗಿರಿಯಿಂದಲೋ ಮಂಡಿ ಮೊಹಲ್ಲಾದಿಂದಲೋ ನಗರದ ಬಸ್ ಹತ್ತಿ ಬೆಳಿಗ್ಗೆ ಕಾಲೇಜಿಗೆ ಹೋಗಿ ಸಂಜೆ ಮನೆ ಸೇರಬಹುದೆಂಬ ಒಂದೇ ಕಾರಣಕ್ಕೆ ಓದು ಮುಂದುವರಿದ ಉದಾಹರಣೆಗಳು ನಮ್ಮೆಲ್ಲರ ಪರಿಚಯದಲ್ಲಿ ಇರುತ್ತವೆ.

ಮೈಸೂರಿಗೆ ಈ ವಿಷಯದಲ್ಲಿ ಒಂದು ಹಳೆಯ ಪರಂಪರೆಯೂ ಇದೆ. 1918ರಲ್ಲಿ ನಾಲ್ವಡಿಯವರ ಸರಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿ, ಸರಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವಂತೆ ಮಾಡಲು ಏನು ಮಾಡಬೇಕೆಂದು ಕೇಳಿತು. ಮುಸ್ಲಿಮರೂ ಆ ಸಮುದಾಯಗಳಲ್ಲಿ ಸೇರಿದ್ದರು. ಅವಕಾಶ ತಾನಾಗಿ ಹರಡುವುದಿಲ್ಲ, ಹರಡುವಂತೆ ಮಾಡಬೇಕು ಎಂಬ ಅರಿವು ಶತಮಾನದ ಹಿಂದೆಯೇ ಈ ನಗರದ ಆಡಳಿತಕ್ಕಿತ್ತು.

ಬಾಗಿಲು ಕಿರಿದಾದಾಗ

ಮನೆಯಿಂದ ಹೊರಬರಲಾಗದವರಿಗೆ, ದುಡಿಯುತ್ತಲೇ ಓದಬೇಕಾದವರಿಗೆ ಅಂಚೆ ಶಿಕ್ಷಣ ಮತ್ತೊಂದು ದಾರಿ. ಮೈಸೂರು ವಿಶ್ವವಿದ್ಯಾನಿಲಯ 1969ರಷ್ಟು ಹಿಂದೆಯೇ ಅಂಚೆ ಮೂಲಕ ಪಾಠ ಕಳುಹಿಸತೊಡಗಿತ್ತು. 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆಯಿತು. ಕೆಲಸದಲ್ಲಿದ್ದುಕೊಂಡೇ ಕಂಪ್ಯೂಟರ್ ಪದವಿ ಪಡೆಯುವ ಆಸೆಯಿಂದ ಬಹಳ ಜನ ಅಲ್ಲಿ ನೋಂದಾಯಿಸಿಕೊಂಡರು. ಆದರೆ 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದು 2015ರ ಜೂನ್‌ನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಪ್ರಕಟಣೆ ಹೊರಡಿಸಿತು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ನಡೆಸಿದ್ದು, ಅನುಮತಿಯಿಲ್ಲದೆ ತಾಂತ್ರಿಕ ಕೋರ್ಸ್‌ಗಳನ್ನು ನಡೆಸಿದ್ದು ಆಯೋಗದ ಆಕ್ಷೇಪಗಳಾಗಿದ್ದವು. 2018ರಲ್ಲಿ ಹಲವು ಕೋರ್ಸ್‌ಗಳಿಗೆ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಓದಿದವರು ಕೈಯಲ್ಲಿ ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ, ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ನಿಯಮ ಮೀರಿದವರು ಯಾರೇ ಇರಲಿ, ದಂಡ ತೆತ್ತವರು ವಿದ್ಯಾರ್ಥಿಗಳು.

ಎರಡನೆಯ ಬದಲಾವಣೆ 2020ರದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2020-21ನೇ ಶೈಕ್ಷಣಿಕ ವರ್ಷದಿಂದ ಎಂ.ಸಿ.ಎ. ಅವಧಿಯನ್ನು ಮೂರರಿಂದ ಎರಡು ವರ್ಷಕ್ಕೆ ಇಳಿಸಿತು. ಇದಕ್ಕೆ ಕಾರಣವಿಲ್ಲದಿಲ್ಲ. ಬಿ.ಸಿ.ಎ. ಓದಿದವರು ಕಲಿತದ್ದನ್ನೇ ಮತ್ತೊಂದು ವರ್ಷ ಕಲಿಯುವುದು ವ್ಯರ್ಥ. ಅವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರುವ ಅವಕಾಶ ಮೊದಲೇ ಇತ್ತು. ಒಂದು ವರ್ಷದ ಶುಲ್ಕ, ಊಟ, ಬಾಡಿಗೆ ಉಳಿಯುವುದು ಬಡ ಕುಟುಂಬಕ್ಕೂ ಲಾಭವೇ. ಆದರೆ ಬಿ.ಕಾಂ., ಬಿ.ಎಸ್ಸಿ.ಯಿಂದ ಬರುವವರಿಗೆ ಬುನಾದಿಯ ಆ ಮೊದಲ ವರ್ಷವೇ ಇಲ್ಲವಾಯಿತು. ಅದರ ಬದಲಿಗೆ ಸೇತುಬಂಧ ತರಗತಿ ನಡೆಸಬೇಕೆಂದು ನಿಯಮ ಹೇಳುತ್ತದೆ. ಆ ತರಗತಿ ಎಷ್ಟು ಶ್ರದ್ಧೆಯಿಂದ ನಡೆಯುತ್ತದೆ ಎಂಬುದರ ಮೇಲೆ ಬಾಗಿಲು ಎಷ್ಟು ತೆರೆದಿದೆ ಎಂಬುದು ನಿರ್ಧಾರವಾಗುತ್ತದೆ. ಕಂಪ್ಯೂಟರ್ ಗೊತ್ತಿಲ್ಲದ ಪದವೀಧರನಿಗಾಗಿ ಹುಟ್ಟಿದ ಪದವಿ ಕ್ರಮೇಣ ಕಂಪ್ಯೂಟರ್ ಗೊತ್ತಿರುವವನ ಪದವಿಯಾಗುತ್ತಿದೆ.

ಈಗ ಮೂರನೆಯ ಬದಲಾವಣೆ ಕಣ್ಣೆದುರೇ ನಡೆಯುತ್ತಿದೆ. ಕೇಳಿದ್ದಕ್ಕೆ ತಕ್ಕ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನು ಅವು ಕ್ಷಣದಲ್ಲಿ ಮಾಡುತ್ತವೆ. ಇನ್ನು ಈ ಪದವಿ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲು ತಳಪಾಯ ತಿಳಿದವರೇ ಬೇಕು ಎಂಬುದು ನಮ್ಮ ಉತ್ತರ. ಹಾಗಾದರೆ ಅರೆಬರೆ ಕಲಿತವರಿಗೆ ಮುಂದಿನ ದಿನಗಳು ಹಿಂದಿಗಿಂತ ಕಷ್ಟ, ಬುನಾದಿ ಗಟ್ಟಿಯಿದ್ದವರಿಗೆ ಭಯವಿಲ್ಲ. ಬುನಾದಿಯ ವರ್ಷ ಕಳೆದುಹೋದ ಹೊತ್ತಿನಲ್ಲೇ ಬುನಾದಿಯ ಬೆಲೆ ಹೆಚ್ಚಿರುವುದು ವಿಪರ್ಯಾಸ.

ನಮ್ಮ ಮುಂದಿರುವ ಕೆಲಸ

ನಾಲ್ಕು ದಶಕಗಳ ಈ ಇತಿಹಾಸದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಾಮಾನ್ಯ ಮನೆಯ ಮಕ್ಕಳು ಈ ವಿದ್ಯೆಗೆ ಬಂದದ್ದು ಯಾರೋ ಕೆಲವರು ಕುಳಿತು ಯೋಚಿಸಿದ್ದರಿಂದ. ಒಬ್ಬ ಪ್ರಾಧ್ಯಾಪಕರು ಪುಸ್ತಕದ ಬೆಲೆ ತಗ್ಗಿಸಿದರು. ಒಂದು ಸಮಿತಿ ಎಂಜಿನಿಯರ್ ಅಲ್ಲದವರಿಗೂ ಜಾಗ ಮಾಡಿತು. ಒಂದು ರಾಜ್ಯ ಸೀಟುಗಳಿಗೆ ಸಾಮಾನ್ಯ ಪರೀಕ್ಷೆ ನಡೆಸಿತು. ಒಂದು ಬಡಾವಣೆ ಕಡಿಮೆ ಬಾಡಿಗೆಗೆ ಕೋಣೆ ಕೊಟ್ಟಿತು. ಇವುಗಳಲ್ಲಿ ಯಾವುದೂ ದೊಡ್ಡ ಸುದ್ದಿಯಾಗಲಿಲ್ಲ, ಆದರೆ ಎಲ್ಲವೂ ಸೇರಿ ಬಾಗಿಲಾಯಿತು.

ಹಾಗಿದ್ದಲ್ಲಿ ಇಂದು ಮಾಡಬೇಕಾದದ್ದೂ ಅಷ್ಟೇ ಸರಳ. ಊರಿನ ಜಮಾಅತ್‌ಗಳು, ಸಂಘ ಸಂಸ್ಥೆಗಳು ಸನ್ಮಾನ ಸಭೆಗಳಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಭಾಗವನ್ನು ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ಗಣಿತ, ಇಂಗ್ಲಿಷ್ ಮತ್ತು ಪ್ರೋಗ್ರಾಮಿಂಗ್‌ನ ಮೂಲಪಾಠ ಕಲಿಸಲು ತೆಗೆದಿಡಬಹುದು. ಕಳೆದುಹೋದ ಆ ಮೊದಲ ವರ್ಷವನ್ನು ಹಾಗೆ ಮರಳಿ ಕಟ್ಟಿಕೊಡಬಹುದು. ಈಗಾಗಲೇ ಈ ಕ್ಷೇತ್ರದಲ್ಲಿ ದುಡಿಯುತ್ತಿರುವವರು ವಾರಕ್ಕೆ ಎರಡು ಗಂಟೆ ಕೊಟ್ಟರೂ ಸಾಕು. ಯಾವುದೇ ಕೋರ್ಸಿಗೆ ಸೇರುವ ಮೊದಲು ಅದಕ್ಕೆ ಆ ವರ್ಷದ ಮಾನ್ಯತೆ ಇದೆಯೇ ಎಂದು ಆಯೋಗದ ಮತ್ತು ಮಂಡಳಿಯ ಪ್ರಕಟಣೆಗಳನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಏಜೆಂಟರ ಬಾಯಿಮಾತನ್ನು ನಂಬಿ ಶುಲ್ಕ ಕಟ್ಟಬಾರದು. ಮನೆ ಮಾಲಕರು ಕೋಣೆ ಕೇಳಿ ಬಂದ ವಿದ್ಯಾರ್ಥಿಯ ಹೆಸರಿಗಿಂತ ಅವನ ಅಗತ್ಯವನ್ನು ನೋಡಬೇಕು. ತಂದೆ ತಾಯಿಯರು ಮಗಳ ಪದವಿಯೇ ಅವಳ ಓದಿನ ಕೊನೆ ಎಂದು ತಿಳಿಯಬಾರದು.

ಐವತ್ತರಲ್ಲಿ ಒಬ್ಬರಿದ್ದವರು ಇಬ್ಬರಾಗಲು, ನಾಲ್ವರಾಗಲು ಪವಾಡ ಬೇಕಿಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ ನಿಂತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಷ್ಟಕ್ಕೇ ಸಾಕು ಎಂದು ಹಿಂದಕ್ಕೆ ಕರೆಯದೆ, ಇನ್ನೂ ಹೊತ್ತು ಮೀರಿಲ್ಲ, ಹೋಗು ಎಂದು ಹೇಳುವವರು ಬೇಕು. ಅಷ್ಟನ್ನು ನಾವು ಮಾಡಬಲ್ಲೆವು.